ಆದ್ಯತೆ ಎಂದರೆ ವೇಗವಲ್ಲ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ನಿಧಾನವಾದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ (ಓಡುತ್ತಿರುವ ತಂತ್ರಾಂಶಗಳ ಪಟ್ಟಿ) ತೆರೆದು, ಬೇಕಾದ ತಂತ್ರಾಂಶದ ಆದ್ಯತೆಯನ್ನು ‘ರಿಯಲ್‌ಟೈಮ್’ಗೆ ಏರಿಸಿದರೆ ವೇಗ ಹೆಚ್ಚುತ್ತದೆ ಎಂದು ತಮ್ಮ ಪತ್ರಿಕೆಯ ಪುರವಣಿಯಲ್ಲಿ ಓದಿದೆ. ಇದೇ ಉಪಾಯದಿಂದ ಒಂದು ಇಡೀ ಮಧ್ಯಾಹ್ನ ಕಳೆದುಕೊಂಡವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನಿರುವ ಅಡಿಕೆ ಮಂಡಿಯಲ್ಲಿ ಎರಡು ತೂಕದ ಯಂತ್ರಗಳಿವೆ. ಎರಡರಿಂದಲೂ ಒಂದೊಂದು ಕೇಬಲ್ ನಮ್ಮ ಹಳೆಯ, ಎರಡೇ ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಕಂಪ್ಯೂಟರಿಗೆ ಬರುತ್ತದೆ. ಚೀಲ ಇಟ್ಟೊಡನೆ ತೂಕ ಬಿಲ್ಲಿಗೆ ಇಳಿಯಬೇಕು. ಕೊಯ್ಲಿನ ದಿನಗಳಲ್ಲಿ ಬಿಲ್ಲು ತಡವಾಗುತ್ತಿದೆಯೆಂದು ದೂರಿದಾಗ, ರಿಪೇರಿಗೆ ಬಂದವರು ಬಿಲ್ಲಿಂಗ್ ತಂತ್ರಾಂಶವನ್ನು ರಿಯಲ್‌ಟೈಮ್‌ಗೆ ಏರಿಸಿ ಹೋದರು. ಅವರು ಗೇಟು ದಾಟುವ ಮೊದಲೇ ಮೌಸಿನ ಬಾಣ ನಿಂತಲ್ಲೇ ನಿಂತಿತು. ಯಂತ್ರದ ಕೆಂಪು ಅಂಕಿ ಹೊಸ ಚೀಲದ ತೂಕ ತೋರಿಸುತ್ತಿದ್ದರೂ ತೆರೆಯ ಮೇಲೆ ಹಿಂದಿನ ಚೀಲದ ತೂಕವೇ ಕುಳಿತಿತ್ತು. ರಾಶಿ, ಬೆಟ್ಟೆ ಅಡಿಕೆ ತಂದಿದ್ದ ಬೆಳೆಗಾರರು ಚೀಲಗಳ ಮೇಲೆಯೇ ಕೂತು ಕಾದರು. ಕೊನೆಗೆ ನಾನು ಕಾರ್ಬನ್ ಹಾಳೆ ಹುಡುಕಿ ಕೈಯಲ್ಲೇ ರಸೀದಿ ಬರೆದೆ.

ಕಾರಣ ಆಮೇಲೆ ತಿಳಿಯಿತು. ಓಡಲು ಸಿದ್ಧವಾಗಿ ನಿಂತ ಥ್ರೆಡ್‌ಗಳಲ್ಲಿ (ತಂತ್ರಾಂಶದೊಳಗಿನ ಬಿಡಿ ಕೆಲಸಗಳಲ್ಲಿ) ಈಗ ಯಾರ ಸರದಿ ಎಂದು ತೀರ್ಮಾನಿಸುವುದು ಕರ್ನಲ್‌ನ, ಅಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನ, ಶೆಡ್ಯೂಲರ್. ವಿಂಡೋಸ್‌ನಲ್ಲಿ ಇದಕ್ಕೆ 0ಯಿಂದ 31ರವರೆಗೆ ಮೆಟ್ಟಿಲುಗಳಿದ್ದು, ‘ನಾರ್ಮಲ್’ 8ರಲ್ಲಿ, ‘ಹೈ’ 13ರಲ್ಲಿ, ‘ರಿಯಲ್‌ಟೈಮ್’ 24ರಲ್ಲಿ ನಿಲ್ಲುತ್ತದೆ. ಸುಮಾರು 4 ಸೆಕೆಂಡು ಸರದಿಯೇ ಸಿಗದ ಥ್ರೆಡ್ಡನ್ನು ಕರ್ನಲ್ ಕನಿಕರದಿಂದ ಸ್ವಲ್ಪ ಹೊತ್ತು 15ಕ್ಕೆ ಎತ್ತುವುದುಂಟು. ಆದರೆ ಮೇಲೆ 24ರಲ್ಲಿ ಕೂತವನು ಏಳದಿದ್ದರೆ ಆ ಕನಿಕರ ಯಾವುದಕ್ಕೂ ಒದಗುವುದಿಲ್ಲ. ನಮ್ಮ ತಂತ್ರಾಂಶದಲ್ಲಿ ಯಂತ್ರಕ್ಕೊಂದರಂತೆ ಇದ್ದ ಎರಡು ಥ್ರೆಡ್‌ಗಳು ಮಲಗುವುದನ್ನೇ ಅರಿಯದೆ, ‘ತೂಕ ಬಂತೇ, ತೂಕ ಬಂತೇ’ ಎಂದು ಬಿಡುವಿಲ್ಲದೆ ಕೇಳುತ್ತಿದ್ದವು. ಅವು ಎರಡೂ ಕೋರ್‌ಗಳನ್ನು ಹಿಡಿದು ಕೂತ ಮೇಲೆ ಮೌಸಿಗೂ ತೆರೆಗೂ ಉಳಿದದ್ದೇನು?

ಸರದಿ ಹಿಂದುಮುಂದು ಮಾಡಿದರೆ ತೂಗುವ ಕೆಲಸ ಬೇಗ ಆಗುವುದಿಲ್ಲ, ಒಬ್ಬನ ಚೀಲ ಮೊದಲಾಗುತ್ತದೆ ಅಷ್ಟೆ. ನಿಧಾನಕ್ಕೆ ಡಿಸ್ಕ್ ಕಾರಣವಾಗಿದ್ದರಂತೂ ಈ ಆದ್ಯತೆಯಿಂದ ಏನೂ ಸಿಗದು. ಆದ್ಯತೆ ಇದ್ದೂ ಕಾಯಬೇಕಾಗುವುದೂ ಉಂಟು: 1997ರಲ್ಲಿ ಮಂಗಳನ ಮೇಲಿಳಿದ ನಾಸಾದ ಪಾತ್‌ಫೈಂಡರ್ ನೌಕೆಯಲ್ಲಿ, ಹವಾಮಾನದ ಮಾಹಿತಿ ಕೂಡಿಡುವ ಕೆಳಗಿನ ಆದ್ಯತೆಯ ಕೆಲಸ ಒಂದು ಬೀಗ (ಒಂದು ಸಲಕ್ಕೆ ಒಂದೇ ಕೆಲಸ ಬಳಸಬಹುದಾದದ್ದನ್ನು ಕಾಯುವ ಗುರುತು) ಹಿಡಿದಿದ್ದಾಗ ನಡುವಿನ ಆದ್ಯತೆಯ ಕೆಲಸಗಳು ಅದನ್ನು ಓಡಗೊಡದೆ, ಅದೇ ಬೀಗಕ್ಕಾಗಿ ಕಾದಿದ್ದ ಮೇಲಿನ ಆದ್ಯತೆಯ ಕೆಲಸ ತಡವಾಗಿ, ಕಂಪ್ಯೂಟರ್ ಮತ್ತೆ ಮತ್ತೆ ಮರುಪ್ರಾರಂಭವಾಗುತ್ತಿತ್ತು. ಬೀಗ ಹಿಡಿದವನಿಗೆ, ಕಾಯುತ್ತಿರುವವನ ಆದ್ಯತೆಯನ್ನೇ ತಾತ್ಕಾಲಿಕವಾಗಿ ಕೊಡುವ ಸೌಲಭ್ಯವನ್ನು ಭೂಮಿಯಿಂದಲೇ ಚಾಲೂ ಮಾಡಿ ಅದನ್ನು ಸರಿಪಡಿಸಿದರು.

ಈ ವಿಷಯದಲ್ಲಿ ವಿಂಡೋಸ್‌ನಂತೆಯೇ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್‌ನ ‘ನೈಸ್’ ಸಂಖ್ಯೆ ನನಗೆ ಹಿಡಿಸುತ್ತದೆ. -20ರಿಂದ 19ರವರೆಗಿನ ಅದರಲ್ಲಿ ಅಂಕಿ ದೊಡ್ಡದಾದಷ್ಟೂ ‘ಮೊದಲು ನಿಮ್ಮದಾಗಲಿ’ ಎನ್ನುವ ಸೌಜನ್ಯ ಹೆಚ್ಚು.

ನಮ್ಮಲ್ಲಿ ಬಿಲ್ಲಿಂಗನ್ನು ಮತ್ತೆ ನಾರ್ಮಲ್‌ಗೆ ತಂದು, ಹಗಲಲ್ಲೇ ಓಡುತ್ತಿದ್ದ ಬ್ಯಾಕಪ್ಪನ್ನು ‘ಬಿಲೋ ನಾರ್ಮಲ್’ಗೆ ಇಳಿಸಿದೆವು. ತಂತ್ರಾಂಶ ಬರೆದವರು ಆ ಥ್ರೆಡ್‌ಗಳು ತೂಕ ಬರುವವರೆಗೆ ಮಲಗಿರುವಂತೆ ತಿದ್ದಿಕೊಟ್ಟರು. ತಮ್ಮ ಪುರವಣಿಯ ಮುಂದಿನ ಸಂಚಿಕೆಯಲ್ಲಿ ಅದೇ ಜಾಗದಲ್ಲಿ ಒಂದು ತಿದ್ದುಪಡಿ ಹಾಕಬೇಕೆಂದು ಕೋರುತ್ತೇನೆ. ಕೊಯ್ಲು ಶುರುವಾಗುವ ಮುನ್ನವೇ ಬಂದರೆ ಇನ್ನೂ ಒಳ್ಳೆಯದು.

– ಅಡಿಕೆ ಮಂಡಿಯೊಂದರ ಗುಮಾಸ್ತ, ಶಿವಮೊಗ್ಗ