ಯಕ್ಷಗಾನ ಯಾವ ಕಪಾಟಿನಲ್ಲಿದೆ?

ಶಿರಸಿ

ಚಿರಂಜೀವಿ ಕೂಸಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಧಾರವಾಡದಿಂದ ನೀನು ಬರೆದ ಪತ್ರ ನಿನ್ನೆ ತಲುಪಿತು. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಯಕ್ಷಗಾನವೆಂದು ಹುಡುಕಿದರೆ ನಾಲ್ಕೇ ಪುಸ್ತಕಗಳು ಬಂದವು, ಪ್ರಬಂಧದ ವಿಷಯವನ್ನೇ ಬದಲಿಸಲೇ ಎಂದು ಕೇಳಿದ್ದೀಯೆ. ಬದಲಿಸಬೇಡ. ಕಾಲೇಜಿನ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಪುಸ್ತಕ ಕೊಟ್ಟು ತೆಗೆದುಕೊಂಡವನಾಗಿ ಹೇಳುತ್ತೇನೆ: ಸೂಚಿಗೆ, ಅಂದರೆ ಗ್ರಂಥಾಲಯದ ಪುಸ್ತಕಗಳ ಪಟ್ಟಿಗೆ, ಪುಸ್ತಕದ ಪರಿಚಯವಿರುವುದಿಲ್ಲ, ಯಾರೋ ಒಬ್ಬರು ಅದಕ್ಕೆ ಬರೆದಿಟ್ಟ ಹೆಸರಿನ ಪರಿಚಯ ಮಾತ್ರ ಇರುತ್ತದೆ. ಆ ಹೆಸರನ್ನು ಅವರು ಹೇಗೆ ಬರೆದಿರಬಹುದು ಎಂಬುದನ್ನು ಊಹಿಸುವುದೇ ನಿನ್ನ ಮೊದಲ ಕೆಲಸ.

ಕನ್ನಡ ಪುಸ್ತಕಗಳ ವಿವರವನ್ನು ಎಷ್ಟೋ ಗ್ರಂಥಾಲಯಗಳಲ್ಲಿ ರೋಮನ್ ಲಿಪಿಯಲ್ಲಿ ತುಂಬಿಸಿದ್ದಾರೆ. ಗ್ರಂಥಪಾಲಕರ ಲಿಪ್ಯಂತರ ಪದ್ಧತಿಯಲ್ಲಿ ‘ಷ’ ಎಂಬುದು ಕೆಳಗೆ ಚುಕ್ಕೆಯಿರುವ ಎಸ್ ಆಗುತ್ತದೆ. ಟೈಪು ಮಾಡುವಾಗ ಚುಕ್ಕೆ ಬಿಟ್ಟುಹೋದರೆ ಯಕ್ಷಗಾನವು ‘ಯಕ್ಸಗಾನ’ವಾಗಿ ಉಳಿಯುತ್ತದೆ. ನೀನು ಎಸ್ ಮುಂದೆ ಎಚ್ ಸೇರಿಸಿ ಹುಡುಕಿದರೆ ಅದು ಸಿಗುವುದಾದರೂ ಹೇಗೆ? ಶಿವರಾಮ ಕಾರಂತರ ಹೆಸರಿನ ಕೊನೆಗೂ ಒಬ್ಬರು ಟಿ, ಎ ಹಾಕಿದರೆ ಇನ್ನೊಬ್ಬರು ಟಿ, ಎಚ್ ಹಾಕುತ್ತಾರೆ. 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ ‘ಯಕ್ಷಗಾನ ಬಯಲಾಟ’ವೇ ನಿನ್ನ ಕಣ್ಣಿಗೆ ಬಿದ್ದಿಲ್ಲವೆಂದರೆ ಪುಸ್ತಕವಿಲ್ಲವೆಂದು ತಿಳಿಯಬೇಡ, ಕಾಗುಣಿತವನ್ನು ಅನುಮಾನಿಸು. ಪದದ ಮೊದಲ ಮೂರು ನಾಲ್ಕು ಅಕ್ಷರಗಳನ್ನಷ್ಟೇ ಬರೆದು ನಕ್ಷತ್ರ ಚಿಹ್ನೆ ಹಾಕಿದರೆ ಬಹುತೇಕ ಸೂಚಿಗಳು ಉಳಿದ ರೂಪಗಳನ್ನೆಲ್ಲ ತೋರಿಸುತ್ತವೆ. ಕನ್ನಡ ಲಿಪಿಯಲ್ಲಿಯೂ ಒಮ್ಮೆ ಹುಡುಕು.

ಹೆಸರಿನ ವಿಷಯದಲ್ಲಿ ನಾನೇ ಮೋಸಹೋದದ್ದನ್ನು ಹೇಳಬೇಕು. ಒಂದು ದೊಡ್ಡ ಗ್ರಂಥಾಲಯದಲ್ಲಿ ನಮ್ಮ ಜಿಲ್ಲೆಯ ಹಳೆಯ ಗೆಝೆಟಿಯರನ್ನು (ಸರ್ಕಾರ ಹೊರತಂದ ಜಿಲ್ಲಾ ವಿವರಗ್ರಂಥವನ್ನು) ಮೂರು ದಿನ ‘ಉತ್ತರ ಕನ್ನಡ’ ಎಂದು ಹುಡುಕಿ ಬರಿಗೈಯಲ್ಲಿ ಹೊರಬಂದಿದ್ದೆ. 1862ರಲ್ಲಿ ಈ ಜಿಲ್ಲೆ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು, ಆದ್ದರಿಂದ 1883ರ ಗೆಝೆಟಿಯರು ಮುಂಬಯಿ ಪ್ರಾಂತದ ಮಾಲೆಯ 15ನೆಯ ಸಂಪುಟವಾಗಿ, ‘ಕೆನರಾ’ ಎಂಬ ಹೆಸರಿನಲ್ಲಿ, ಎರಡು ಭಾಗಗಳಲ್ಲಿ ಬಂದಿದೆ ಎಂಬುದು ಆಗ ಹೊಳೆಯಲಿಲ್ಲ. ಅದು ಪರಾಮರ್ಶನ ವಿಭಾಗದಲ್ಲಿ, ನಾನು ದಿನವೂ ಕುಳಿತುಕೊಳ್ಳುತ್ತಿದ್ದ ಕುರ್ಚಿಯ ಹಿಂದೆಯೇ ಇತ್ತು! ಅದಕ್ಕಿಂತ ಹಿಂದಿನದು ಬೇಕಾದರೆ ಅಕ್ಷರವೂ ಬದಲಾಗುತ್ತದೆ. 1807ರಲ್ಲಿ ಅಚ್ಚಾದ, ಫ್ರಾನ್ಸಿಸ್ ಬುಕನನ್ ಎಂಬ ಪ್ರವಾಸಿಯ ಪ್ರವಾಸಕಥನದಲ್ಲಿ ಕೆನರಾ ‘ಸಿ’ಯಿಂದ ಶುರುವಾಗುತ್ತದೆ, ಗೆಝೆಟಿಯರಿನಲ್ಲಿ ‘ಕೆ’ಯಿಂದ.

ಇನ್ನು ಕಪಾಟಿನ ಮಾತು. ನಮ್ಮ ದೇಶದ ಬಹಳಷ್ಟು ವಿಶ್ವವಿದ್ಯಾಲಯಗಳು 1876ರಲ್ಲಿ ಮೆಲ್ವಿಲ್ ಡ್ಯೂಯಿ ಹೊರತಂದ, ಒಂದೊಂದು ವಿಷಯಕ್ಕೆ ಒಂದೊಂದು ಸಂಖ್ಯೆ ಕೊಡುವ ದಶಮಾಂಶ ಪದ್ಧತಿಯಂತೆ ಪುಸ್ತಕ ಜೋಡಿಸುತ್ತವೆ. ಒಂದೇ ತೋಟದ ಅಡಿಕೆ ರಾಶಿ, ಬೆಟ್ಟೆ, ಚಾಲಿ ಎಂದು ಬೇರೆ ಬೇರೆ ಚೀಲ ಸೇರುವಂತೆ ಅಲ್ಲಿ ಯಕ್ಷಗಾನವೂ ಹಂಚಿಹೋಗುತ್ತದೆ. ಪ್ರಸಂಗ ಸಾಹಿತ್ಯವು ಕನ್ನಡ ಸಾಹಿತ್ಯದ 894.814ರ ಕೆಳಗೆ ನಾಟಕದ ಜೊತೆ ಕುಳಿತರೆ, ರಂಗಪ್ರಯೋಗದ ಗ್ರಂಥಗಳು 792ರಲ್ಲಿಯೂ, ಜನಪದವೆಂದು ಬಗೆದವು 398ರಲ್ಲಿಯೂ, ಸಂಗೀತದ ಚರ್ಚೆ 780ರ ಆಸುಪಾಸಿನಲ್ಲಿಯೂ ಇರಬಹುದು. ಆದ್ದರಿಂದ ಸೂಚಿಯಲ್ಲಿ ಒಂದು ಒಳ್ಳೆಯ ಪುಸ್ತಕ ಸಿಕ್ಕೊಡನೆ ಅದರ ವಿವರದ ಕೆಳಗಿರುವ ವಿಷಯ ಶೀರ್ಷಿಕೆಗಳನ್ನು ಬರೆದುಕೊಂಡು ಅವುಗಳಿಂದಲೇ ಮತ್ತೆ ಹುಡುಕು, ಅನಂತರ ಆ ಸಂಖ್ಯೆಯ ಕಪಾಟಿನ ಮುಂದೆ ಅರ್ಧ ಗಂಟೆ ನಿಲ್ಲು. ದಶಮಾಂಶವನ್ನು ಪೂರ್ಣಸಂಖ್ಯೆಯಂತೆ ಓದಬೇಡ: ಕರ್ನಾಟಕ ಇತಿಹಾಸದ 954.87 ಮೊದಲು ಬರುತ್ತದೆ, 954.9 ಆಮೇಲೆ. ಪುಸ್ತಕ ಹೊರಗೆ ಹೋಗಿಲ್ಲವೆಂದು ಸೂಚಿ ಹೇಳಿಯೂ ಕಪಾಟಿನಲ್ಲಿ ಕಾಣದಿದ್ದರೆ ಮೇಲಿನ, ಕೆಳಗಿನ ಸಾಲುಗಳನ್ನೂ ಮೇಜಿನ ಮೇಲಿನ ರಾಶಿಯನ್ನೂ ನೋಡು. ನೀನು ತೆಗೆದದ್ದನ್ನು ಮಾತ್ರ ಮೇಜಿನ ಮೇಲೆಯೇ ಬಿಡು. ಉಪಕಾರವೆಂದು ತಪ್ಪು ಜಾಗದಲ್ಲಿ ಸಿಕ್ಕಿಸಿದ ಪುಸ್ತಕ ವರ್ಷಗಟ್ಟಲೆ ಕಳೆದುಹೋಗುವುದನ್ನು ನಾನು ಕಂಡಿದ್ದೇನೆ.

ಧ್ವನಿಮುದ್ರಿಕೆಗಳ ಹಾದಿ ಬೇರೆ. ಕ್ಯಾಸೆಟ್ಟು, ಸಿಡಿಗಳನ್ನು ಸಾಮಾನ್ಯವಾಗಿ ಬೀಗದ ಬೀರುವಿನಲ್ಲಿ ಇಡುತ್ತಾರೆ, ಕೆಲವನ್ನು ಸೂಚಿಗೆ ಏರಿಸಿಯೇ ಇರುವುದಿಲ್ಲ. ಸೂಚಿಯಲ್ಲಿ ಸಾಮಗ್ರಿಯ ಬಗೆಯನ್ನು ಆರಿಸುವ ಸೌಲಭ್ಯವಿದ್ದರೆ ಬಳಸು. ಜೊತೆಗೆ ಭಾಗವತರ ಹೆಸರಿನಿಂದ, ಮೇಳದ ಹೆಸರಿನಿಂದ, ಪ್ರಸಂಗದ ಹೆಸರಿನಿಂದ ಬೇರೆ ಬೇರೆಯಾಗಿ ಹುಡುಕು. ‘ಕೃಷ್ಣ ಸಂಧಾನ’ಕ್ಕೆ ಮುಂದೆ ‘ಶ್ರೀ’ ಸೇರಿದರೆ ಅಕಾರಾದಿಯಲ್ಲಿ ಅದು ಎಲ್ಲಿಯೋ ಹೋಗಿ ನಿಲ್ಲುತ್ತದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಮೇಳವನ್ನು ಕೆರೆಮನೆಯೆಂದೂ ಇಡಗುಂಜಿಯೆಂದೂ ಎರಡು ಬಗೆಯಲ್ಲಿ ಕೇಳು. ಕೇಳಿಸುವ ಯಂತ್ರ ಸರಿಯಿದೆಯೇ ಎಂದು ಮೊದಲೇ ವಿಚಾರಿಸಿ ಹೋದರೆ ಒಂದು ದಿನ ಉಳಿಯುತ್ತದೆ.

ಹಿಂದಿನವರ ಪಿಎಚ್‌ಡಿ ಪ್ರಬಂಧಗಳನ್ನು ಮರೆಯಬೇಡ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ ಶೋಧಗಂಗಾ ಎಂಬ ಜಾಲತಾಣದಲ್ಲಿ ಅಂಥವು ಹಣ ಕೊಡದೆ ಸಿಗುತ್ತವೆ. ಪ್ರಬಂಧ ಸಾಧಾರಣವಾಗಿದ್ದರೂ ಅದರ ಕೊನೆಯ ಗ್ರಂಥಋಣವನ್ನು, ಅಂದರೆ ಬಳಸಿದ ಪುಸ್ತಕಗಳ ಪಟ್ಟಿಯನ್ನು, ಓದು, ಅಲ್ಲಿ ಒಬ್ಬರ ನಾಲ್ಕೈದು ವರ್ಷದ ಹುಡುಕಾಟ ಕುಳಿತಿರುತ್ತದೆ. ನಿಮ್ಮಲ್ಲಿ ಇಲ್ಲದ ಪುಸ್ತಕವನ್ನು ಬೇರೆ ಗ್ರಂಥಾಲಯದಿಂದ ತರಿಸಿಕೊಡುವ ಅಂತರಗ್ರಂಥಾಲಯ ಎರವಲಿನ ಬಗ್ಗೆಯೂ ಕೇಳು. ಸಂಕೋಚ ಬೇಡ, ಓದುಗನ ಸಮಯ ಉಳಿಸಬೇಕೆಂಬುದು 1931ರಲ್ಲಿ ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು, ಅದು ಕೌಂಟರಿನ ಆಚೆ ಕುಳಿತವರಿಗೆ ಗೊತ್ತಿರುತ್ತದೆ. ಆದರೆ ‘ಯಕ್ಷಗಾನದ ಪುಸ್ತಕ ಇದೆಯೇ’ ಎಂದು ಕೇಳಬೇಡ. ಬಡಗುತಿಟ್ಟಿನ, ಅಂದರೆ ಬಡಗಿನ ಶೈಲಿಯ, ವೇಷಭೂಷಣವೇ, ಮದ್ದಳೆಯೇ, ಯಾವ ಕಾಲದ್ದು ಎಂದು ಹೇಳಿ, ಈಗಾಗಲೇ ಹುಡುಕಿದ ಪದಗಳ ಚೀಟಿಯನ್ನು ಮುಂದಿಡು.

ಮುಂದಿನ ಪತ್ರದಲ್ಲಿ ಆ ಚೀಟಿಯ ಒಂದು ಪ್ರತಿಯನ್ನು ನನಗೂ ಕಳಿಸು, ಬಿಟ್ಟುಹೋದ ಹೆಸರುಗಳಿದ್ದರೆ ಸೇರಿಸಿ ಕೊಡುತ್ತೇನೆ.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಪ್ಪ