ಮಹಾಪ್ರಬಂಧ ಅಂಗೀಕಾರವಾದ ಸಂದರ್ಭದಲ್ಲಿ

ಕೈಟೋಸಾನ್ ನ್ಯಾನೋಕಣಗಳ ಮೂಲಕ ಜೀನ್‌ಗಳನ್ನು ಜೀವಕೋಶದೊಳಕ್ಕೆ ತಲುಪಿಸುವ ಕುರಿತ ನನ್ನ ಪಿಎಚ್‌ಡಿ ಮಹಾಪ್ರಬಂಧ ಅಂಗೀಕಾರವಾಗಿದೆ. ಜೊತೆಗಿದ್ದವರಿಗೆ ಕೆಲಸದ ವಿವರಗಳು ಗೊತ್ತೇ ಇವೆ. ಮಾರ್ಗದರ್ಶಕರಿಗೆ, ಸೂಕ್ಷ್ಮದರ್ಶಕ ವಿಭಾಗದವರಿಗೆ, ಏಡಿ ಸೀಗಡಿಗಳ ಚಿಪ್ಪಿನಿಂದ ಬರುವ ಈ ಕೈಟೋಸಾನ್ ಪ್ರತಿ ಸಲವೂ ಒಂದೇ ಅಣುತೂಕದಲ್ಲಿ ಸಿಗದ ಕಾರಣ ಪ್ರತಿಯೊಂದು ಕಂತನ್ನೂ ಪರೀಕ್ಷಿಸಿಕೊಟ್ಟ ಗೆಳೆಯರಿಗೆ, ಮನೆಯವರಿಗೆ ಮನಃಪೂರ್ವಕ ವಂದನೆಗಳು.

ಒಬ್ಬರ ಋಣವನ್ನು ಮಾತ್ರ ಹೀಗೆ ಒಂದು ಸಾಲಿನಲ್ಲಿ ಮುಗಿಸಲಾರೆ. ಹೆಸರು ಬರೆಯಬೇಡ ಎಂದಿದ್ದಾರೆ. ಪ್ರಯೋಗಾಲಯದಲ್ಲಿ ನಾವೆಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತೇವೆ.

ಆಮ್ಲೀಯ ದ್ರಾವಣದಲ್ಲಿ ಚೆನ್ನಾಗಿ ಹರಡಿಕೊಂಡಿದ್ದ ಕಣಗಳು ಕೋಶಗಳ ಪೋಷಕ ದ್ರವಕ್ಕೆ ಬಿದ್ದೊಡನೆ ಗಂಟುಕಟ್ಟಿ ತಳ ಸೇರುತ್ತಿದ್ದವು. ತಿಂಗಳುಗಟ್ಟಲೆ ಹೀಗೇ ನಡೆದು, ಕೊನೆಯ ಭರವಸೆಯ ಮಾದರಿಯೂ ಕೈಕೊಟ್ಟ ರಾತ್ರಿ ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ. ಇನ್ನು ನನ್ನಿಂದಾಗದು, ಬಿಟ್ಟುಬಿಡುತ್ತೇನೆ ಎಂದೆ. ಅಕ್ಕ ಸಮಾಧಾನ ಹೇಳಲಿಲ್ಲ, ಮನೆಗೂ ಹೋಗಲಿಲ್ಲ. ನಾನು ಸುಮ್ಮನಾಗುವವರೆಗೆ ಕಾದು, "ಕಣ ಕೆಟ್ಟಿಲ್ಲ ಕಣೇ, ಅದರ ವಿದ್ಯುದಾವೇಶ ಹೋಗಿದೆ. ಎಲ್ಲಿ ಹೋಗುತ್ತದೆ ಅಂತ ನೋಡೋಣ, ಏಳು" ಎಂದು ಆಮ್ಲೀಯತೆಯನ್ನು ಅಳೆಯುವ ಪಿಎಚ್ ಮಾಪಕವನ್ನು ಮುಂದಿಟ್ಟರು.

ಕೈಟೋಸಾನಿನ ಅಮೈನೊ ಗುಂಪುಗಳು ಪಿಎಚ್ ಸುಮಾರು 6.5ಕ್ಕಿಂತ ಕೆಳಗಿದ್ದಾಗ ಪ್ರೋಟಾನು ಹಿಡಿದು ಧನಾವೇಶ ಪಡೆಯುತ್ತವೆ. ಋಣಾವೇಶದ ಡಿಎನ್‌ಎಯನ್ನು ಅವು ಬಿಗಿಯಾಗಿ ಹಿಡಿದುಕೊಳ್ಳುವುದೂ, ಕಣಗಳು ಒಂದಕ್ಕೊಂದು ಅಂಟದೆ ದೂರ ನಿಲ್ಲುವುದೂ ಆ ಆವೇಶದಿಂದಲೇ. ರಕ್ತದ, ಹಾಗೆಯೇ ಕೋಶಗಳ ಪೋಷಕ ದ್ರವದ ಪಿಎಚ್ ಆದ ಸುಮಾರು 7.4ರಲ್ಲಿ ಅದು ಬಹುಪಾಲು ಕಳೆದುಹೋಗುತ್ತದೆ. ಇದು ನನಗೆ ಪುಸ್ತಕದಿಂದ ತಿಳಿದಿದ್ದ ಸಂಗತಿಯೇ. ಆದರೆ ನನ್ನ ಕಣಗಳು ಯಾವ ಹಂತದಲ್ಲಿ ಸೋಲುತ್ತವೆ ಎಂಬುದನ್ನು ಒಂದೊಂದೇ ಪಿಎಚ್‌ನಲ್ಲಿ ಗಾತ್ರ ಮತ್ತು ಝೀಟಾ ವಿಭವ (ಕಣದ ಮೇಲ್ಮೈ ಆವೇಶದ ಸೂಚಕ) ಅಳೆದು, ಬೆಳಗಾಗುವವರೆಗೂ ಪಕ್ಕದಲ್ಲಿ ನಿಂತು ಕೋಷ್ಟಕವಾಗಿ ಬರೆಸಿದವರು ಅಕ್ಕ. ಅವರ ಸ್ವಂತ ಪ್ರಯೋಗ ಆ ದಿನ ನಿಂತುಹೋಯಿತು. ಅದನ್ನು ಅವರು ಇಂದಿಗೂ ಎತ್ತಿ ಆಡಿಲ್ಲ.

ಕಣಗಳಿಗೆ, ನಮ್ಮ ದೇಹದಲ್ಲೂ ಇರುವ ಸಕ್ಕರೆ ಸರಪಳಿಯಂಥ ಹಯಲುರೊನಿಕ್ ಆಮ್ಲದ ಹೊದಿಕೆ ಕೊಡುವ ನಿರ್ಧಾರ ಹುಟ್ಟಿದ್ದು ಆ ಕೋಷ್ಟಕದಿಂದ. ಅದರ ಕಾರ್ಬಾಕ್ಸಿಲ್ ಗುಂಪುಗಳು 7.4ರಲ್ಲಿಯೂ ಋಣಾವೇಶವನ್ನು ಉಳಿಸಿಕೊಳ್ಳುವುದರಿಂದ ಕಣಗಳು ಚದುರಿಯೇ ಉಳಿದವು. ಜೊತೆಗೆ, ಹಲವು ಕ್ಯಾನ್ಸರ್ ಕೋಶಗಳ ಮೇಲೆ ಹೇರಳವಾಗಿರುವ ಸಿಡಿ44 ಎಂಬ ಗ್ರಾಹಕ ಪ್ರೋಟೀನಿಗೆ ಈ ಆಮ್ಲ ಅಂಟಿಕೊಳ್ಳುವುದು ನಮಗೆ ದೊರೆತ ಇನ್ನೊಂದು ಅನುಕೂಲ.

ಈ ಕಣಗಳು ಜೀವಂತ ದೇಹದಲ್ಲಿ ಹೇಗೆ ವರ್ತಿಸುತ್ತವೆ ಎಂಬ ಮುಂದಿನ ಕೆಲಸವನ್ನು ಕಿರಿಯರಿಬ್ಬರು ಕೈಗೆತ್ತಿಕೊಂಡಿದ್ದಾರೆ. ಆ ರಾತ್ರಿಯ ಕೋಷ್ಟಕವನ್ನು ಅಕ್ಕನ ಅನುಮತಿ ಪಡೆದು ಅವರಿಗೆ ಒಪ್ಪಿಸಿದ್ದೇನೆ.