ಆಡೋದು ಬೇರೆ, ಆಡಿಸೋದು ಬೇರೆ ಕಣೋ

ಚಿ. ಸಂಜುಗೆ ಮಾವನ ಆಶೀರ್ವಾದಗಳು.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಯಾವುದೋ ಕ್ಲಬ್‌ನವರು ಸೀನಿಯರ್ ಟೀಮಿಗೆ ಕೋಚ್ ಆಗು ಅಂತ ನಿನ್ನನ್ನು ಕರೆದಿದ್ದಾರಂತೆ, ಈ ತಿಂಗಳು ಮುಗಿದ ಕೂಡಲೇ ಮಕ್ಕಳ ಬ್ಯಾಚ್ ಬಿಟ್ಟುಬಿಡ್ತೀನಿ ಅಂತ ನೀನು ಹೇಳಿದೆಯಂತೆ. "ಎಷ್ಟು ದಿನ ಅಂತ ಈ ಪುಟಾಣಿಗಳ ಶೂ ಲೇಸ್ ಕಟ್ಟಿಕೊಂಡಿರಲಿ" ಅಂದೆಯಂತೆ. ಆ ಮಾತು ನನ್ನನ್ನು ಎರಡು ದಿನ ಬಿಡಲಿಲ್ಲ. ಫೋನಲ್ಲಿ ಹೇಳಿದರೆ ಹೂಂ ಹೂಂ ಅಂದು ಇಟ್ಟುಬಿಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನಿನ್ನ ರೂಮಿನ ಗೋಡೆ ಮೇಲೆ ಇವತ್ತಿಗೂ ಸ್ಪೇನ್‌ನ ಫುಟ್‌ಬಾಲ್ ಆಟಗಾರ ಶಾಬಿ ಅಲೊನ್ಸೊ ಫೋಟೋ ಇದೆ ಅಲ್ವಾ? ನೀನೂ ಅವನ ಹಾಗೆ ನಡು ಮೈದಾನದಲ್ಲೇ ಆಡಿದವನು. ಅವನ ಪಾಸುಗಳೆಲ್ಲ ನಿನಗೆ ಬಾಯಿಪಾಠ. ಆದರೆ ಆಟ ಬಿಟ್ಟ ಮೇಲೆ ಅವನು ಏನು ಮಾಡಿದ ಅನ್ನೋದನ್ನ ನೀನು ಅಷ್ಟಾಗಿ ಗಮನಿಸಿದ ಹಾಗಿಲ್ಲ.

2017ರಲ್ಲಿ ಆಟ ನಿಲ್ಲಿಸಿದಾಗ ಅವನ ಹತ್ತಿರ ಏನಿರಲಿಲ್ಲ ಹೇಳು? 2010ರ ವಿಶ್ವಕಪ್, 2008 ಮತ್ತು 2012ರ ಯೂರೋ ಕಪ್, ಲಿವರ್‌ಪೂಲ್ ಕ್ಲಬ್ ಜೊತೆ ಯೂರೋಪಿನ ಕ್ಲಬ್‌ಗಳ ದೊಡ್ಡ ಕಪ್ಪಾದ ಚಾಂಪಿಯನ್ಸ್ ಲೀಗ್ ಒಂದು, ರಿಯಲ್ ಮ್ಯಾಡ್ರಿಡ್ ಜೊತೆ ಇನ್ನೊಂದು, ಬಯರ್ನ್ ಮ್ಯೂನಿಕ್ ಜೊತೆ ಜರ್ಮನ್ ಲೀಗ್ ಬುಂಡೆಸ್‌ಲಿಗಾ ಮೂರು ಸಲ. ಬೆನಿಟೆಜ್, ಮೊರಿನ್ಯೊ, ಆಂಚೆಲೊಟ್ಟಿ, ಗ್ವಾರ್ಡಿಯೋಲಾ, ಇಂಥ ದೊಡ್ಡ ಕೋಚ್‌ಗಳೆಲ್ಲರ ಕೈಕೆಳಗೆ ಆಡಿದ್ದ. ಇಷ್ಟೆಲ್ಲ ಇದ್ದವನು 2018ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ವಾಪಸ್ ಹೋಗಿ ತಗೊಂಡಿದ್ದು ಯಾವ ಟೀಮ್ ಗೊತ್ತಾ? 14 ವರ್ಷದೊಳಗಿನ ಹುಡುಗರದ್ದು. ನಿನ್ನ ಬ್ಯಾಚ್‌ನವರಿಗಿಂತ ಒಂದೆರಡು ವರ್ಷ ದೊಡ್ಡವರು ಅಷ್ಟೇ.

ಅವನಿಗೆ ಅದು ಯಾಕೆ ಬೇಕಿತ್ತು ಅಂತ ನಾನು ತುಂಬ ಯೋಚಿಸಿದ್ದೇನೆ. ನನಗೆ ಅನ್ನಿಸೋದು ಇಷ್ಟು. ಇಪ್ಪತ್ತು ವರ್ಷ ಆಡಿದವನಿಗೆ ಆಟ ಕಾಲಲ್ಲಿ ಇರುತ್ತೆ, ಕುತ್ತಿಗೆಯಲ್ಲಿ ಇರುತ್ತೆ, ಬಾಯಲ್ಲಿ ಇರಲ್ಲ. ಚೆಂಡು ಬರುವ ಮೊದಲೇ ಯಾವ ಕಡೆ ಮೈ ತಿರುಗಿಸಬೇಕು ಅನ್ನೋದು ನಿನಗೆ ಗೊತ್ತು, ಆದರೆ ಅದನ್ನ ಹನ್ನೊಂದು ವರ್ಷದ ಮಗುವಿಗೆ ಅರ್ಥವಾಗುವ ಹಾಗೆ ನಾಲ್ಕು ಮಾತಲ್ಲಿ ಹೇಳು ನೋಡೋಣ. ದೊಡ್ಡವರು ಅರ್ಥವಾಗದಿದ್ದರೂ ತಲೆ ಆಡಿಸ್ತಾರೆ. ಮಕ್ಕಳು ಹಾಗಲ್ಲ, ಅರ್ಥ ಆಗಲಿಲ್ಲ ಅಂದ್ರೆ ಸುಮ್ನೆ ಬೇರೆ ಕಡೆ ನೋಡೋಕೆ ಶುರುಮಾಡ್ತಾರೆ. ಮಾತು ಕಲಿಯೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಅವನಿಗೆ ಮನೆಯಲ್ಲೂ ಇದು ಹೊಸದಲ್ಲ. ಹುಟ್ಟಿದ್ದು 1981ರಲ್ಲಿ, ಸ್ಪೇನ್‌ನ ಬಾಸ್ಕ್ ಸೀಮೆಯ ಟೊಲೊಸಾದಲ್ಲಿ. ಅಪ್ಪ ಪೆರಿಕೊ ಅಲೊನ್ಸೊ ಕೂಡ ನಡು ಮೈದಾನದ ಆಟಗಾರ, ಆ ಸೀಮೆಯ ಕ್ಲಬ್ ರಿಯಲ್ ಸೊಸೈಡಾಡ್ ಜೊತೆ 1981 ಮತ್ತು 1982ರಲ್ಲಿ ಸ್ಪೇನ್ ಲೀಗ್ ಗೆದ್ದವರು, ಆಮೇಲೆ ಕೋಚ್ ಆದವರು. ಮಗನೂ ಮ್ಯಾಡ್ರಿಡ್‌ನಲ್ಲಿ ಒಂದು ವರ್ಷ ಹುಡುಗರನ್ನು ಆಡಿಸಿ, 2019ರಲ್ಲಿ ಊರಿನ ಕಡೆ ಹೋಗಿ ಸೊಸೈಡಾಡ್‌ನ ಬಿ ಟೀಮ್ ಹಿಡಿದ. ಮೂರು ವರ್ಷ ಅಲ್ಲೇ ಇದ್ದ. 2021ರಲ್ಲಿ ಜರ್ಮನಿಯ ಮೊಂಚೆನ್‌ಗ್ಲಾಡ್‌ಬಾಖ್ ಕ್ಲಬ್‌ಗೆ ಹೋಗೇಬಿಟ್ಟ ಅಂತ ಪತ್ರಿಕೆಗಳಲ್ಲಿ ಸುದ್ದಿ ಬಂತು. ಹೋಗಲಿಲ್ಲ. ಬಿ ಟೀಮ್ ಜೊತೆಗೇ ಒಪ್ಪಂದ ಮುಂದುವರಿಸಿದ. ಆ ವರ್ಷ ಆ ಟೀಮ್ ಸುಮಾರು 60 ವರ್ಷಗಳ ನಂತರ ಎರಡನೇ ಡಿವಿಷನ್‌ಗೆ ಏರಿತು.

ಇಲ್ಲಿ ಸ್ವಲ್ಪ ನಿಲ್ಲು, ಯಾಕಂದ್ರೆ ಮುಂದಿನದನ್ನ ಯಾರೂ ಪೋಸ್ಟರ್ ಮಾಡಿ ಅಂಟಿಸಲ್ಲ. ಮರುವರ್ಷವೇ ಅದೇ ಟೀಮ್ ವಾಪಸ್ ಕೆಳಗೆ ಬಿತ್ತು. ವಿಶ್ವಕಪ್ ಗೆದ್ದವನ ಟೀಮು! ಆ ಹುಡುಗರ ಜೊತೆ ಅವನು ಸೋಲಿನ ಮೇಲೆ ಸೋಲು ನೋಡಿದ, ಸೀಸನ್ ಮುಗಿಯೋವರೆಗೂ ನಿಂತ, ಆಮೇಲೆ ಹೊರಟ. ಮಂಡಿ ಆಪರೇಷನ್ ಆದಾಗಿನಿಂದ ನೀನು ಸೋಲು ಅಂದ್ರೆ ಮುಖ ತಿರುಗಿಸ್ತೀಯ ಕಂದ, ನನಗೆ ಕಾಣುತ್ತೆ. ಅದಕ್ಕೇ ಈ ಒಂದು ವರ್ಷದ ಕತೆ ನಿನಗೆ ಹೇಳಲೇಬೇಕು ಅನ್ನಿಸಿತು.

2022ರ ಅಕ್ಟೋಬರ್‌ನಲ್ಲಿ ಜರ್ಮನಿಯ ಬಯರ್ ಲೆವರ್ಕೂಸೆನ್ ಕರೆದಾಗ ಅದು ಅಲ್ಲಿನ ಲೀಗ್‌ನ 18 ಟೀಮ್‌ಗಳಲ್ಲಿ 17ನೇ ಸ್ಥಾನದಲ್ಲಿತ್ತು. 1904ರಲ್ಲಿ ಶುರುವಾದ ಕ್ಲಬ್, ಐದು ಸಲ ಎರಡನೇ ಸ್ಥಾನಕ್ಕೆ ಬಂದು ಒಂದು ಸಲವೂ ಲೀಗ್ ಗೆದ್ದಿರಲಿಲ್ಲ. ಆ ಸೀಸನ್ ಆರನೇ ಸ್ಥಾನ. ಮುಂದಿನ ಸೀಸನ್‌ನಲ್ಲಿ 34 ಪಂದ್ಯ, 28 ಗೆಲುವು, 6 ಡ್ರಾ, ಸೋಲೇ ಇಲ್ಲ. 2024ರ ಏಪ್ರಿಲ್ 14ರಂದು ಬ್ರೆಮೆನ್ ಮೇಲೆ 5-0 ಗೆದ್ದು ಚಾಂಪಿಯನ್ ಆದರು. ಎಲ್ಲ ಟೂರ್ನಿ ಸೇರಿ 51 ಪಂದ್ಯ ಸೋಲದೆ ಬಂದವರು ಯೂರೋಪಾ ಲೀಗ್ ಫೈನಲ್‌ನಲ್ಲಿ ಅಟಲಾಂಟಾ ಎದುರು 3-0 ಸೋತರು, ಮೂರೇ ದಿನಕ್ಕೆ ಜರ್ಮನ್ ಕಪ್ ಗೆದ್ದರು. ನಡುವೆ ಲಿವರ್‌ಪೂಲ್, ಬಯರ್ನ್ ಅಂತ ದೊಡ್ಡ ದೊಡ್ಡ ಹೆಸರು ಕೇಳಿಬಂದರೂ ಇಲ್ಲೇ ಇರ್ತೀನಿ ಅಂದ. ಆಮೇಲೆ ರಿಯಲ್ ಮ್ಯಾಡ್ರಿಡ್‌ಗೆ ಕೋಚ್ ಆಗಿ ಹೋಗಿದ್ದು, 2026ರ ಜನವರಿಯಲ್ಲಿ ಅಲ್ಲಿಂದ ಹೊರಬಂದಿದ್ದು ನಿನಗೆ ಗೊತ್ತೇ ಇದೆ. ಎಲ್ಲ ಕಡೆ ಗೆಲುವೇ ಅಂತ ನಾನು ಹೇಳಲ್ಲ.

ಇನ್ನೊಂದು ವಿಷಯ. ಅಲೊನ್ಸೊ ಲಿವರ್‌ಪೂಲ್‌ನಲ್ಲಿ ಆಡ್ತಿದ್ದಾಗ ಅಲ್ಲಿನ ಎಳೆಯ ಆಟಗಾರರು ತಮ್ಮ ಶಕ್ತಿ ಏನು ಅಂದ್ರೆ "ಟ್ಯಾಕಲ್", ಅಂದ್ರೆ ಕಾಲು ಹಾಕಿ ಎದುರಾಳಿಯ ಚೆಂಡು ಕಿತ್ತುಕೊಳ್ಳೋದು, ಅಂತ ಹೇಳ್ತಿದ್ದದ್ದು ಅವನಿಗೆ ಆಶ್ಚರ್ಯ ತಂದಿತ್ತಂತೆ. ಅವನ ಪ್ರಕಾರ ಟ್ಯಾಕಲ್ ಬೇರೆ ದಾರಿ ಇಲ್ಲದಾಗ ಮಾಡೋದು, ಕಲಿತು ಮೆರೆಸೋ ಗುಣ ಅಲ್ಲ. ಸರಿಯಾದ ಜಾಗದಲ್ಲಿ ನಿಂತಿದ್ದರೆ ನೆಲಕ್ಕೆ ಜಾರೋ ಅಗತ್ಯವೇ ಬರಲ್ಲ ಅಲ್ವಾ? ಇದನ್ನ ಯಾಕೆ ಹೇಳಿದೆ ಅಂದ್ರೆ, ಹೋದ ಭಾನುವಾರ ನಾನು ನಿನ್ನ ಗ್ರೌಂಡಿಗೆ ಬಂದಿದ್ದೆ. ನಿನಗೆ ಹೇಳಿರಲಿಲ್ಲ. ಬೇಲಿ ಹತ್ತಿರ ಮುಕ್ಕಾಲು ಗಂಟೆ ನಿಂತಿದ್ದೆ. ನೀನು ಜಾಸ್ತಿ ಕೂಗಿದ್ದು ಎರಡೇ ಮಾತು, "ನುಗ್ಗು", "ಕಾಲು ಹಾಕು". ನೀನು ಆಡಿದ್ದು ಹಾಗಲ್ಲವಲ್ಲೋ. ನಿನ್ನ ಆಟ ನೋಡೋಕೆ ನಾನು ಊಟ ಬಿಟ್ಟು ಬರ್ತಿದ್ದೆ.

ಅಲ್ಲಿ ಒಬ್ಬ ಹುಡುಗ ಇದ್ದ, ಹಳದಿ ಜೆರ್ಸಿ, ಎಡಗಾಲಿನ ಸಾಕ್ಸ್ ಪಾದದವರೆಗೆ ಜಾರಿತ್ತು. ಗೋಲ್‌ಕೀಪರ್ ಚೆಂಡು ಉರುಳಿಸಿದ. ಅದು ಬರುವಷ್ಟರಲ್ಲಿ ಈ ಹುಡುಗ ಎರಡು ಸಲ ಕುತ್ತಿಗೆ ತಿರುಗಿಸಿ ಹಿಂದೆ ನೋಡಿದ, ಮೈ ಅರ್ಧ ತೆರೆದು ನಿಂತ, ಒಂದೇ ಸ್ಪರ್ಶಕ್ಕೆ ತಿರುಗಿ ಬಲಗಡೆ ಓಡುತ್ತಿದ್ದವನಿಗೆ ಕೊಟ್ಟ. ಅಚ್ಚು ನೀನೇ! ಆ ಇನ್ನೊಬ್ಬ ಚೆಂಡನ್ನ ಹೊರಗೆ ಒದ್ದ, ಹಾಗಾಗಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ನೀನು ಆಗ ಮೊಬೈಲ್ ನೋಡುತ್ತಿದ್ದೆ. ಆ ಕ್ಲಬ್‌ನವರ ಮೆಸೇಜೇ ಇರಬೇಕು.

ಅವರಿಗೆ ಎರಡು ವರ್ಷ ಬಿಟ್ಟು ಬರ್ತೀನಿ ಅಂತ ಹೇಳು. ಕರೆದವರು ಮತ್ತೆ ಕರೀತಾರೆ, ಇಲ್ಲದಿದ್ದರೆ ಬೇರೆಯವರು. ದುಡ್ಡಿನ ಯೋಚನೆ ಇದ್ದರೆ ನನ್ನ ಹತ್ತಿರ ಬಾಯಿಬಿಟ್ಟು ಮಾತಾಡು, ಅಕ್ಕನ ಹತ್ತಿರ ಬೇಡ. ಅವಳು ನಿದ್ದೆ ಬಿಡ್ತಾಳೆ.

ಈ ಭಾನುವಾರ ಆ ಹುಡುಗನ ಪಕ್ಕ ಕೂತು, ಚೆಂಡು ಬರೋ ಮುಂಚೆ ಹಿಂದೆ ತಿರುಗಿ ಏನು ನೋಡಿದೆ ಅಂತ ಕೇಳು. ಅವನು ಏನಂದ ಅಂತ ನನಗೆ ಬರಿ.

ಇಂತಿ,
ನಿನ್ನ ಮಾವ